ತಾನಾಗಿ ಕರಗುವ ಸಾರುವೆ

ಪ್ರೊಫೆಸರ್ ಐಸೊಬೆಲ್ ಮೆಕ್ರಿಮನ್ ಅವರಿಗೆ ಸಾರುವೆ ಅಂದರೆ ಒಂದೇ ಅರ್ಥ. ಅಂಗೈಯಲ್ಲಿ ಕೂರುವಂಥ, ಬೆಳ್ಳಗಿನ, ಸ್ಪಂಜಿನ ಹಾಗಿರುವ ಒಂದು ಪುಟ್ಟ ಬುರುಡೆ. ಅದರ ಮೇಲೆ ಮನುಷ್ಯನ ಜೀವಕೋಶಗಳನ್ನು ಬಿತ್ತಬೇಕು. ಅವು ಹತ್ತಿಕೊಂಡು, ಜಾಗ ಹಿಡಿದು, ಸಂಸಾರ ಬೆಳೆಸಬೇಕು. ಅಷ್ಟರಲ್ಲಿ ಕೆಳಗಿನ ಸಾರುವೆ ಮೆಲ್ಲಗೆ ಕರಗಿ ಹೋಗಬೇಕು. ಕೊನೆಗೆ ಉಳಿದದ್ದು ಮೂತ್ರಕೋಶವಾಗಬೇಕು. ಗೋಡೆಗೆ ಆನಿಸಿ ಕಟ್ಟಿ, ಮೇಲೆ ನಿಂತು ಗಾರೆ ಮೆತ್ತುವ ಸಾರುವೆ ಎಂಬುದೊಂದು ಈ ಭೂಮಿಯ ಮೇಲೆ ಮೊದಲಿನಿಂದಲೂ ಇದೆ ಎನ್ನುವುದು ಅವರ ತಲೆಯಿಂದ ಎಂದೋ ಇಳಿದು ಹೋಗಿತ್ತು.

ಹಾಗಂತ ಅವರು ಅದನ್ನು ನೋಡಿರಲಿಲ್ಲ ಎಂದಲ್ಲ. ಹೋದ ವಸಂತದಿಂದ ನಮ್ಮ ಕಟ್ಟಡದ ಹೊರಗೋಡೆಯ ರಿಪೇರಿಗೆಂದು ನೆಲದಿಂದ ಸೂರಿನವರೆಗೆ ಕಬ್ಬಿಣದ ಕೊಳವೆಗಳನ್ನು ಹೆಣೆದು ನಿಲ್ಲಿಸಿದ್ದರು. ಐಸೊಬೆಲ್ ಅವುಗಳನ್ನು "ಆ ಪೈಪುಗಳು" ಎನ್ನುತ್ತಿದ್ದರು. ಆ ಪೈಪುಗಳಿಂದಾಗಿ ತಮ್ಮ ಕೋಣೆಗೆ ಬೆಳಕು ಬರುವುದಿಲ್ಲ, ಆಗಾಗ ಕಿಟಕಿಯಾಚೆ ಗಂಡಸರ ಬೂಟುಗಳು ಮಾತ್ರ ಓಡಾಡುತ್ತವೆ ಎಂದು ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟಿದ್ದರು.

ನಾನು ಆ ಪ್ರಯೋಗಾಲಯದ ವ್ಯವಸ್ಥಾಪಕಿ. ಕೈಗವಸು, ಗಾಜಿನ ತಟ್ಟೆ ತರಿಸುವುದು, ಅರ್ಜಿಗಳಲ್ಲಿ ಕಾಮಾ ತಿದ್ದುವುದು, ಒಳ್ಳೆಯ ಸುದ್ದಿ ಬಂದರೆ ಡೋನಟ್ ತರುವುದು ನನ್ನ ಕೆಲಸ. ಆ ವರ್ಷ ಡೋನಟ್ ಅಂಗಡಿಯವಳಿಗೆ ನನ್ನ ಮುಖವೇ ಮರೆತು ಹೋಗಿತ್ತು. ರಾಜಧಾನಿ ಒಟ್ಟಾವಾದಲ್ಲಿರುವ ಸರ್ಕಾರದ ಅನುದಾನ ಸಮಿತಿ ನಮ್ಮ ಅರ್ಜಿಯನ್ನು "ಮಹತ್ವಾಕಾಂಕ್ಷೆಯದು" ಎಂದು ಹೊಗಳಿ ವಾಪಸು ಕಳಿಸಿತ್ತು. ನಮ್ಮ ಕಸುಬಿನಲ್ಲಿ ಆ ಪದವನ್ನು ಕೇಳಿದ ಮೇಲೆ ಯಾರೂ ಎರಡನೇ ಸಾಲು ಓದುವುದಿಲ್ಲ. ಮಾರ್ಚ್ ಮುಗಿಯುವುದರೊಳಗೆ ಎಲ್ಲಿಂದಲಾದರೂ ಹಣ ಬಾರದಿದ್ದರೆ ಜೀವಕೋಶ ಬೆಳೆಸುವ ಕಾವುಪೆಟ್ಟಿಗೆ ಆರಿಸಿ, ಕೋಣೆಯನ್ನು ಪಕ್ಕದ ವಿಭಾಗಕ್ಕೆ ಬಿಟ್ಟುಕೊಡಬೇಕು. ಪಕ್ಕದ ವಿಭಾಗದವರು ಆಗಲೇ ಟೇಪು ಹಿಡಿದು ಅಳೆದುಕೊಂಡು ಹೋಗಿದ್ದರು.

ಇದರಲ್ಲಿ ನಿಜವಾಗಿ ಬೀದಿಗೆ ಬೀಳುವವಳು ಟಿಯೊಡೋರಾ ವಸಿಲಿಕ್, ನಮ್ಮ ಸಂಶೋಧಕಿ. ಕಾವುಪೆಟ್ಟಿಗೆಯಲ್ಲಿದ್ದ ಮೂತ್ರಕೋಶ ಅವಳ ಆರು ವರ್ಷದ ಪ್ರಯತ್ನದ ಫಲ. ಭಾನುವಾರವೂ ಬಂದು ಅದಕ್ಕೆ ಆಹಾರ ಹಾಕಬೇಕಿತ್ತು. ತಂಗಿಯ ಮದುವೆಯ ಊಟದ ನಡುವೆ ಎದ್ದು ಬಂದು ಹಾಕಿದ್ದಳು, ರೇಷ್ಮೆ ಗೌನಿನ ಮೇಲೆ ಬಿಳಿ ಕೋಟು ತೊಟ್ಟು. ಈಗ ಅವಳಿಗೆ ಬೆಕ್ಕಿನ ತಿಂಡಿ ಮಾಡುವ ಒಂದು ಕಂಪನಿಯಿಂದ ಕರೆ ಬಂದಿತ್ತು. ಕೋಳಿಯನ್ನು ಕೊಲ್ಲದೆ ಕೋಳಿಮಾಂಸ ಬೆಳೆಸುವ ಕೆಲಸ. ಸಂಬಳ ಚೆನ್ನಾಗಿತ್ತು. ಶುಕ್ರವಾರದೊಳಗೆ ಉತ್ತರ ಹೇಳಬೇಕಿತ್ತು.

"ಮನುಷ್ಯರಿಗೆ ಬೇಡ್ವಂತೆ, ಬೆಕ್ಕಿಗೆ ಬೇಕಂತೆ," ಎಂದಳು ಟಿಯೊ. "ಬೆಕ್ಕುಗಳ ಸಮಿತೀಲಿ ಮಹತ್ವಾಕಾಂಕ್ಷೆ ಅನ್ನೋ ಪದ ಇಲ್ಲ ಅಂತ ಕಾಣತ್ತೆ."

ಹೀಗಿರುವಾಗ ಒಂದು ಬೆಳಿಗ್ಗೆ ಐಸೊಬೆಲ್ ತಮ್ಮ ಕೋಣೆಯಿಂದ ಓಡಿ ಬಂದರು. ಅವರು ಓಡಿದ್ದನ್ನು ನಾನು ಅದಕ್ಕೆ ಮೊದಲು ಬೆಂಕಿ ಬಿದ್ದರೆ ಹೊರಗೋಡುವ ಅಭ್ಯಾಸದ ದಿನವೂ ಕಂಡಿರಲಿಲ್ಲ.

"ಸಾರುವೆಗೇ ಅಂತ ಒಂದು ನಿಧಿ ಇದೆ! ಇದೇ ಊರಲ್ಲಿ! ಇಷ್ಟು ದಿನ ನನಗೆ ಯಾರೂ ಹೇಳೇ ಇಲ್ವಲ್ಲ!"

ಪ್ರಕಟಣೆಯನ್ನು ನಾವೆಲ್ಲರೂ ಓದಿದೆವು. ಹ್ಯಾಮಿಲ್ಟನ್ನಿನ ಸಾರುವೆ ಸುರಕ್ಷತೆ ಮತ್ತು ಕ್ಷೇಮ ನಿಧಿ. ಸಾರುವೆಗಳನ್ನು ಇನ್ನಷ್ಟು ಹಗುರ, ಇನ್ನಷ್ಟು ಗಟ್ಟಿ, ಬೇಗ ಕಟ್ಟಿ ಬೇಗ ಬಿಚ್ಚುವಂತೆ ಮಾಡುವ ಹೊಸ ಆಲೋಚನೆಗಳಿಗೆ ನೆರವು. ಒಂದೇ ಪುಟ ಸಾಕು, ಸಾರುವೆಯ ವಿಷಯ ಮಾತ್ರ ಬರೆಯಿರಿ, ಸುತ್ತಿ ಬಳಸಬೇಡಿ.

"ಹಗುರ, ಗಟ್ಟಿ," ಎಂದಳು ಟಿಯೊ. "ನಮ್ಮ ಲೇಖನಗಳನ್ನ ಓದಿದಾರೆ ಇವರು."

"ಸುತ್ತಿ ಬಳಸಬೇಡಿ ಅಂದಿದಾರೆ. ನಮ್ಮವರೇ ಅಲ್ಲ ಅನ್ನೋ ಹಾಗಿದೆ," ಎಂದೆ ನಾನು. ಸತ್ಯಕ್ಕೆ ಅಷ್ಟು ಹತ್ತಿರ ಹೋಗಿದ್ದೆ. ಕಾಮಾ ತಿದ್ದಲು ಹಿಂದಿರುಗಿದೆ.

ಸಾರುವೆಯ ವಿಷಯ ಮಾತ್ರ ಎಂದಿದ್ದರಿಂದ ಐಸೊಬೆಲ್ ಅರ್ಜಿಯಿಂದ ಮೂತ್ರಕೋಶವನ್ನು ತೆಗೆದು ಹಾಕಿದರು. ಉಳಿದ ಪುಟ ಓದಲು ಸೊಗಸಾಗಿತ್ತು. "ನಮ್ಮ ಸಾರುವೆಯನ್ನು ಬಿಚ್ಚುವ ಅಗತ್ಯವೇ ಇಲ್ಲ. ಅದರ ಮೇಲೆ ಕೆಲಸ ಭರದಿಂದ ಸಾಗುತ್ತಿರುವಾಗಲೇ ಅದು ತಾನಾಗಿ ಕರಗಿ ನೀರಾಗುತ್ತದೆ. ಹಂದಿಗಳಲ್ಲಿ ಪರೀಕ್ಷಿಸಿ ನೋಡಿದ್ದೇವೆ. ಮುಂದಿನ ಹಂತದಲ್ಲಿ ಮಕ್ಕಳಲ್ಲಿ ಬಳಸುವ ಆಸೆಯಿದೆ." ನಮ್ಮ ವಿಭಾಗ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ್ದು; ಕಾಗದದ ತಲೆಯಲ್ಲಿ ಅದರ ಮುದ್ರೆಯೂ ಇತ್ತು.

ಉತ್ತರ ಬಹಳ ಬೇಗ ಬಂತು. ಹಣದ ಮಾತಿಲ್ಲ. ನಿಧಿಯ ಇಬ್ಬರು ಟ್ರಸ್ಟಿಗಳು ಬುಧವಾರ ಖುದ್ದಾಗಿ ಬಂದು ನೋಡುತ್ತಾರೆ, ಅಲ್ಲಿಯವರೆಗೆ "ದಯವಿಟ್ಟು ಯಾರನ್ನೂ ಅದರ ಮೇಲೆ ಹತ್ತಿಸಬೇಡಿ" ಎಂದಿತ್ತು.

"ಎಷ್ಟು ಮುತುವರ್ಜಿ ನೋಡು!" ಎಂದರು ಐಸೊಬೆಲ್. "ಈಗಾಗಲೇ ಬಿತ್ತಿಬಿಟ್ಟಿದೀವಿ ಅಂತ ಹೇಳೋದು ಹೇಗೆ?"

ಬುಧವಾರ ಬಂದವರಲ್ಲಿ ಮುಂದಿದ್ದವರು ಲಾರ್ನ್ ಬುಶಾರ್, ನಿಧಿಯ ಅಧ್ಯಕ್ಷರು. ಬಾಗಿಲು ತುಂಬುವ ಆಳು, ದಾಟಿದ ಮೇಲೂ ಇನ್ನೂ ಸ್ವಲ್ಪ ಹೊರಗೆ ಉಳಿದಿದ್ದಾರೇನೋ ಎನಿಸುವ ಹಾಗಿದ್ದರು. ಹಿಂದೆ ಬಂದ ಡುಯಿಲಿಯೊ ಫೆರಾಕಾನೆ ಸಣಕಲು ಮುದುಕ. ಉಕ್ಕಿನ ಕಾರ್ಖಾನೆಗಳಲ್ಲಿ ನಲವತ್ತು ವರ್ಷ ಸಾರುವೆ ಕಟ್ಟಿ, ಈಗ ಬೇರೆಯವರು ಕಟ್ಟಿದ್ದನ್ನು ಪರೀಕ್ಷಿಸುವ ಕೆಲಸದಲ್ಲಿದ್ದವರು. ಇಬ್ಬರ ಕಂಕುಳಲ್ಲೂ ಹೆಲ್ಮೆಟ್. ನಮ್ಮಲ್ಲಿ ಒಳಬರುವವರು ಬೂಟಿನ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ತೊಡಬೇಕು. ಅವರ ಬೂಟುಗಳ ಮೂತಿ ಕಬ್ಬಿಣದ್ದು. ಲಾರ್ನ್ ಒಂದಾದ ಮೇಲೊಂದು ಚೀಲ ಹರಿದು, ಕೊನೆಗೆ ಬೂಟು ಬಿಚ್ಚಿ, ಐಸ್ ಹಾಕಿ ತಂಡದ ಚಿಹ್ನೆಯಿದ್ದ ಉಣ್ಣೆಯ ಕಾಲುಚೀಲದಲ್ಲಿ ಒಳಗೆ ಬಂದರು.

"ಅಕ್ಕಾ, ನಮಸ್ಕಾರ," ಎಂದರು ಐಸೊಬೆಲ್‌ಗೆ. ಅವರ ಕಾರ್ಮಿಕ ಸಂಘದಲ್ಲಿ ಎಲ್ಲರೂ ಅಣ್ಣತಮ್ಮಂದಿರು, ಅಕ್ಕತಂಗಿಯರು, ಜಗಳವಾಡುವಾಗಂತೂ ಕಡ್ಡಾಯ. ಐಸೊಬೆಲ್ ಅವರನ್ನು ಮೊಮ್ಮಕ್ಕಳು ಸಹ ಹೆಸರು ಹಿಡಿದೇ ಕರೆಯುತ್ತಿದ್ದರು. ಅವರ ಕಿವಿ ಕೆಂಪಾಯಿತು.

"ಎಲ್ಲಿದೆ ನಿಮ್ಮ ಸಾರುವೆ? ಹಿಂದ್ಗಡೆ ಅಂಗಳದಲ್ಲಾ?"

"ಇಲ್ಲೇ ಇದೆ." ಟಿಯೊ ಒಂದು ಗಾಜಿನ ತಟ್ಟೆ ತಂದು ಮುಂದಿಟ್ಟಳು. ಒಳಗೆ ಇನ್ನೂ ಬಿತ್ತದ ಬಿಳಿ ಬುರುಡೆ.

ಲಾರ್ನ್ ಬಗ್ಗಿ ನೋಡಿದರು. "ಓ, ಇದು ಮಾದರಿ. ನಿಜವಾದ್ದು ಎಷ್ಟು ದೊಡ್ಡದು?"

"ಇದೇ ನಿಜವಾದ್ದು. ಒಂದು ಮಗುವಿಗೆ ಇಷ್ಟು ಸಾಕು."

"ಮಗು!" ಲಾರ್ನ್ ಡುಯಿಲಿಯೊ ಕಡೆ ತಿರುಗಿದರು. "ಬರ್ದಿದ್ದು ಕೈತಪ್ಪು ಇರ್ಬೇಕು ಅಂದಿದ್ಯಲ್ಲೋ? ಕೇಳಿಸ್ಕೊ! ಅಕ್ಕಾ, ಈ ದೇಶದಲ್ಲಿ ಮಕ್ಕಳನ್ನ ಸಾರುವೆ ಹತ್ತಿಸೋದು ನಿಲ್ಸಿ ನೂರು ವರ್ಷ ಆಯ್ತು."

"ಅದಕ್ಕೇ ಮೊದಲು ಹಂದಿಗಳಲ್ಲಿ ನೋಡಿದ್ವಿ," ಎಂದರು ಐಸೊಬೆಲ್, ಸಮಾಧಾನ ಮಾಡುವ ದನಿಯಲ್ಲಿ.

"ಹಂದಿ ಹೇಗೆ ಹತ್ತತ್ತೆ ಅಂತ ನಾನು ಕೇಳಲ್ಲ. ಎಷ್ಟು ಬಿದ್ವು ಅಷ್ಟು ಹೇಳಿ."

"ಬೀಳೋದಾ? ಒಂದೂ ಬೀಳಲಿಲ್ಲ. ಒಂದು ಸ್ವಲ್ಪ ಸೋರ್ತು, ಅಷ್ಟೆ."

ಲಾರ್ನ್ ಕುರ್ಚಿ ಎಳೆದುಕೊಂಡು ಕೂತರು. ನಾನು ಡೋನಟ್ ತಟ್ಟೆ ಮುಂದೆ ಸರಿಸಿದೆ. ಅವರು ಅದನ್ನು ನೋಡಲಿಲ್ಲ. ಗಂಭೀರ ಪರಿಸ್ಥಿತಿ ಎಂದು ಆಗಲೇ ನನಗೆ ಅನಿಸಿದ್ದು.

"ಸರಿ. ಕರಗತ್ತೆ ಅಂತ ಬರ್ದಿದೀರಿ. ಯಾವಾಗ ಕರಗತ್ತೆ?"

"ಎರಡು ತಿಂಗಳ ಹತ್ತಿರ ಹತ್ತಿರ."

"ಆಗ ಮೇಲೆ ಇರೋರು?"

"ಅವು ಇರ್ತವೆ. ಅಷ್ಟು ಹೊತ್ತಿಗೆ ಅವಕ್ಕೆ ಸಾರುವೆ ಬೇಕಾಗಿರಲ್ಲ. ಒಂದರ ಕೈ ಒಂದು ಗಟ್ಟಿಯಾಗಿ ಹಿಡ್ಕೊಂಡಿರ್ತವೆ."

"ಗಾಳೀಲಿ?"

"ಗಾಳೀಲಿ ಅಲ್ಲ. ಬೆಚ್ಚಗಿರೋ ಉಪ್ಪುನೀರಲ್ಲಿ."

ಟಿಯೊ ಮಾತ್ರ ಬಹಳ ಹೊತ್ತಿನಿಂದ ಮೇಜಿನ ಮೇಲಿದ್ದ ಹೆಲ್ಮೆಟನ್ನೇ ನೋಡುತ್ತಿದ್ದಳು. ಅದರ ಮೇಲೆ ಸಂಘದ ಲಾಂಛನ: ಅಡ್ಡಡ್ಡ ಉದ್ದುದ್ದ ಹೆಣೆದ ಕೊಳವೆಗಳು, ನಡುವೆ ಕೈ ಎತ್ತಿ ನಿಂತ ಒಬ್ಬ ಮನುಷ್ಯ. ಅವಳು ಹೆಲ್ಮೆಟ್ ನೋಡಿದಳು, ತಟ್ಟೆ ನೋಡಿದಳು, ಕಿಟಕಿ ನೋಡಿದಳು. ಆಮೇಲೆ ಬಿಕ್ಕಳಿಕೆ ಬಂದವಳ ಹಾಗೆ ಒಂದು ಸದ್ದು ಮಾಡಿದಳು.

"ಐಸೊಬೆಲ್, ಇವರು ಕಟ್ಟಡದ ಸಾರುವೆಯವರು."

"ಕಟ್ಟಡದ್ದಾ?" ಐಸೊಬೆಲ್ ಹುಬ್ಬು ಗಂಟಿಕ್ಕಿದರು. "ಕಟ್ಟಡಕ್ಕೂ ಸಾರುವೆ ಇರತ್ತಾ?"

ಅದೇ ಗಳಿಗೆಗೆ ಕಿಟಕಿಯಾಚೆ ಒಂದು ಜೊತೆ ಬೂಟುಗಳು ಎಡದಿಂದ ಬಲಕ್ಕೆ ನಡೆದು ಹೋದವು. ನಾವೆಲ್ಲರೂ ನೋಡಿದೆವು. ಅವುಗಳ ಹಿಂದೆಯೇ ಒಂದು ಬಕೀಟು ಇಳಿಯಿತು.

"ಆ ಪೈಪುಗಳು," ಎಂದರು ಐಸೊಬೆಲ್ ಮೆತ್ತಗೆ.

"ಆ ಪೈಪುಗಳು ನಮ್ಮ ಹುಡುಗರು ಕಟ್ಟಿದ್ದು," ಎಂದರು ಲಾರ್ನ್. "ಅದ್ರ ಬಗ್ಗೆ ಯಾರೋ ಬೆಳಕು ಬರಲ್ಲ ಅಂತ ದೂರು ಬೇರೆ ಕೊಟ್ಟಿದಾರೆ. ಯಾರು ಆ ಪುಣ್ಯಾತ್ಮರು ಅಂತ ಇವತ್ತೇ ಪತ್ತೆ ಹಚ್ಚೋಣ ಅಂತಿದ್ದೆ."

ನಾನು ಡೋನಟ್ ತಟ್ಟೆಯನ್ನು ಇನ್ನೊಂದು ಗೇಣು ಮುಂದೆ ಸರಿಸಿದೆ.

ಲಾರ್ನ್ ಎದ್ದರು. ಆಮೇಲೆ ತಿಳಿದದ್ದೇನೆಂದರೆ ಅವರು ಹಣ ಕೊಡಲು ಬಂದವರೇ ಅಲ್ಲ. ಜೀವಕ್ಕೆ ಅಪಾಯ ಅನಿಸುವ ಯಾವ ಆಲೋಚನೆಯನ್ನೂ ಖುದ್ದಾಗಿ ಹೋಗಿ ನೋಡಿ ತಡೆಯಬೇಕು ಎಂಬುದು ನಿಧಿಯ ನಿಯಮ. ಅರ್ಜಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದಾಗ ಒಬ್ಬ ಟ್ರಸ್ಟಿ ಪೊಲೀಸರಿಗೆ ಹೇಳೋಣ ಎಂದಿದ್ದರಂತೆ. "ತಪ್ಪು ಮನೆಗೆ ಬಂದ್ವಿ, ಅಕ್ಕ. ನಡಿಯೋ ಡುಯಿಲಿಯೊ."

ಡುಯಿಲಿಯೊ ಏಳಲಿಲ್ಲ. ಬಂದಾಗಿನಿಂದ ಅವರು ಆಡಿದ ಮೊದಲ ಮಾತು ಟಿಯೊಗೆ.

"ಸಾರುವೆ ಕರಗಿದ ಮೇಲೆ ಉಳಿಯೋದು ಏನಮ್ಮ?"

"ಮೂತ್ರಕೋಶ."

"ಯಾರದು?"

"ಇನ್ನೂ ಯಾರದೂ ಅಲ್ಲ."

ಡುಯಿಲಿಯೊ ತಲೆಯಾಡಿಸಿದರು. ಆಮೇಲೆ ಅಂಗಿಯ ಬಲಪಕ್ಕವನ್ನು, ಮಲಗಿದ ಬೆಕ್ಕನ್ನು ತಟ್ಟುವ ಹಾಗೆ, ಎರಡು ಸಲ ತಟ್ಟಿದರು. ಒಳಗಿನಿಂದ ಪ್ಲಾಸ್ಟಿಕ್ಕಿನ ಸರಪರ ಸದ್ದು ಬಂತು.

"ಇವನು ಕ್ಲಿಫರ್ಡ್. ಮೂತ್ರದ ಚೀಲ. ಕ್ಯಾನ್ಸರ್ ಅಂತ ನನ್ನದನ್ನ ತೆಗೆದ್ರಲ್ಲ, ಅವತ್ತಿಂದ ಇವನೇ ನನ್ನ ಜೊತೆ. ಹಿಂದೆ ನಮಗೆ ಒಬ್ಬ ಮೇಸ್ತ್ರಿ ಇದ್ದ, ಕ್ಲಿಫರ್ಡ್ ಅಂತ. ಅವನೂ ಹೀಗೇ. ಸುಮ್‌ಸುಮ್ನೆ ತುಂಬ್ಕೊಳ್ಳೋನು. ಆಗಾಗ ಖಾಲಿ ಮಾಡ್ದಿದ್ರೆ ಎಲ್ಲರೆದುರು ಮರ್ಯಾದೆ ತೆಗೆಯೋನು."

ಟಿಯೊ ನಕ್ಕಳು. ನಕ್ಕಿದ್ದಕ್ಕೆ ನಾಚಿ ನಿಲ್ಲಿಸಿದಳು. "ನಗು ಪರವಾಗಿಲ್ಲ," ಎಂದರು ಡುಯಿಲಿಯೊ. "ಇವನ ಹೆಸರು ಕೇಳಿ ಇನ್ನೂ ನಗದೆ ಇರೋಳು ಅಂದ್ರೆ ನನ್ನ ಹೆಂಡತಿ ಒಬ್ಳೇ."

ಅವಳು ಅವರನ್ನು ಕಾವುಪೆಟ್ಟಿಗೆಯ ಗಾಜಿನ ಬಾಗಿಲ ಹತ್ತಿರ ಕರೆದೊಯ್ದಳು. ಒಳಗೆ ಕೆಂಬಣ್ಣದ ನೀರಿನಲ್ಲಿ ಅವಳ ಆರು ವರ್ಷ ತೇಲುತ್ತಿತ್ತು: ಒಂದು ನಿಂಬೆಹಣ್ಣಿನಷ್ಟು, ನಸುಗುಲಾಬಿ. ಪಂಪು ಅದಕ್ಕೆ ನೀರು ತುಂಬುತ್ತಿತ್ತು. ಅದು ಉಬ್ಬಿತು. ಮತ್ತೆ ಇಳಿಯಿತು. ಲಾರ್ನ್ ಕೂಡ ಬಂದು ಹಿಂದೆ ನಿಂತರು. ಉಣ್ಣೆಯ ಕಾಲುಚೀಲದಲ್ಲಿ ಅವರು ಬಂದದ್ದು ಯಾರಿಗೂ ಕೇಳಿಸಿರಲಿಲ್ಲ.

"ನನ್ನಂಥೋನಿಗೆ ಹಾಕಬಹುದಾ?" ಎಂದರು ಡುಯಿಲಿಯೊ.

ಆ ಪ್ರಶ್ನೆಗೆ ನಮ್ಮ ಕಸುಬಿನಲ್ಲಿ ರೂಢಿಯ ಉತ್ತರವಿದೆ. ಐಸೊಬೆಲ್ ಉಸಿರೆಳೆದುಕೊಂಡರು. "ಮುಂದಿನ ದಿನಗಳಲ್ಲಿ" ಎಂದು ಶುರುವಾಗುವ ಆ ವಾಕ್ಯವನ್ನು ನಾನೇ ಎಷ್ಟೋ ಅರ್ಜಿಗಳಲ್ಲಿ ತಿದ್ದಿದ್ದೇನೆ. ಶುಕ್ರವಾರ ಇನ್ನೆರಡೇ ದಿನವಿತ್ತು. ಹಣದ ಪೆಟ್ಟಿಗೆಯ ಬೀಗದ ಕೈ ಇರುವವರೇ ಎದುರಿಗೆ ನಿಂತು ಕೇಳುತ್ತಿದ್ದರು. ಟಿಯೊ ಐಸೊಬೆಲ್‌ಗಿಂತ ಮೊದಲು ಬಾಯಿ ತೆರೆದಳು.

"ಇಲ್ಲ. ಇದನ್ನ ಬೆಳೆಸೋದು ಅವರವರ ಸ್ವಂತ ಜೀವಕೋಶದಿಂದ. ಕ್ಯಾನ್ಸರ್ ಬಂದಿದ್ದ ಜಾಗದ ಜೀವಕೋಶಾನ ನಂಬಕ್ಕಾಗಲ್ಲ. ಹುಟ್ಟುವಾಗ್ಲೇ ತೊಂದರೆ ಇರೋ ಮಕ್ಕಳಿಗೆ ಮೊದ್ಲು. ಅದೂ ಈಗಲ್ಲ. ನಿಮಗೆ... ನಿಮ್ಮ ಕಾಲಕ್ಕೆ ಆಗಲ್ಲ ಅನ್ಸತ್ತೆ."

"ಹೂಂ ಅಂತ ಅನ್ಬಹುದಿತ್ತು ನೀನು. ಯಾರಿಗೆ ಗೊತ್ತಾಗ್ತಿತ್ತು?"

"ಕ್ಲಿಫರ್ಡ್‌ಗೆ ಗೊತ್ತಾಗ್ತಿತ್ತು."

ಮುದುಕ ಸಣ್ಣಗೆ ಕೆಮ್ಮಿದ ಹಾಗೆ ನಕ್ಕರು. ಆಮೇಲೆ ಲಾರ್ನ್ ಕಡೆ ತಿರುಗಿ, "ಕೊಡೋಣ," ಎಂದರು.

"ಏನ್ ಕೊಡೋಣ? ಇದು ಸಾರುವೆ ಅಲ್ವಲ್ಲೋ!"

"ನಿಧಿ ಹೆಸರೇನು? ಸುರಕ್ಷತೆ ಮತ್ತು ಕ್ಷೇಮ. ಕ್ಷೇಮದ ಲೆಕ್ಕದಲ್ಲಿ ಹಾಕು."

"ಅದು ಕನ್ನಡಕಕ್ಕೆ, ಹಲ್ಲಿಗೆ ಇರೋದು."

"ನಿನ್ನ ಹಲ್ಲಿನ ಸೆಟ್ಟು ಯಾವ ದುಡ್ಡಲ್ಲಿ ಬಂತು? ನಿನ್ನ ಬಾಯಲ್ಲಿರೋದು ಸಾರುವೆನಾ?"

ಲಾರ್ನ್ ಬಾಯಿ ಮುಚ್ಚಿದರು. ಸಾಕ್ಷ್ಯ ಒಳಗೇ ಇತ್ತು. ಸ್ವಲ್ಪ ಯೋಚಿಸಿ ಕೊನೆಯ ಅಸ್ತ್ರ ತೆಗೆದರು. "ಅರ್ಜೀಲಿ ಸಾರುವೆ ಅಂತಿದೆ. ಚೀಟಿ ತಗಲಿಸದೆ ಇರೋ ಸಾರುವೆಗೆ ನಮ್ಮ ನಿಧೀಲಿ ಒಂದು ಕಾಸಿಲ್ಲ. ನಿಯಮ ಬರ್ದೋನೇ ನೀನು."

ಈ ಚೀಟಿಯ ವಿಷಯ ನಮಗೆ ಅವತ್ತೇ ತಿಳಿದದ್ದು. ಕಟ್ಟಿದ ಪ್ರತಿ ಸಾರುವೆಯನ್ನೂ ಪರೀಕ್ಷಕ ನೋಡಿ ಒಂದು ಬಣ್ಣದ ಚೀಟಿ ತೂಗುಹಾಕಬೇಕು. ಹಸಿರಿದ್ದರೆ ಹತ್ತಬಹುದು. ಹಳದಿಯಿದ್ದರೆ ಅಪಾಯ ಏನೆಂದು ಓದಿಕೊಂಡು ಹತ್ತಬೇಕು. ಕೆಂಪಿದ್ದರೆ ಕಾಲಿಡಬಾರದು. ಡುಯಿಲಿಯೊ ಎದೆಯ ಜೇಬಿನಿಂದ ಮೂರು ಬಣ್ಣದ ಚೀಟಿಗಳನ್ನೂ ಒಂದು ಮೊಂಡು ಪೆನ್ಸಿಲ್ಲನ್ನೂ ತೆಗೆದು ಕಾವುಪೆಟ್ಟಿಗೆಯ ಮುಂದೆ ನಿಂತರು.

"ತಳ ಗಟ್ಟಿಯಿದೆಯಾ?"

"ಮಟ್ಟ ನೋಡಿ ಇಟ್ಟಿದೀವಿ," ಎಂದಳು ಟಿಯೊ.

"ಎಷ್ಟು ಜನ ಹತ್ತಿದಾರೆ?"

"ಇಪ್ಪತ್ತು ಕೋಟಿ ಇರಬಹುದು."

ಪೆನ್ಸಿಲ್ ಒಂದು ಗಳಿಗೆ ನಿಂತಿತು. "ಹೆಲ್ಮೆಟ್?"

"ಒಬ್ಬರಿಗೂ ಇಲ್ಲ."

"ಲೋ, ಕೆಂಪು ಹಾಕೋ," ಎಂದರು ಹಿಂದಿನಿಂದ ಲಾರ್ನ್.

"ತಡಿ. ಇವರು ಯೂನಿಯನ್ನಿನವರಾ?"

ಟಿಯೊ ನಿಜವಾಗಿ ಯೋಚಿಸಿದಳು. "ಒಟ್ಟಿಗೇ ಇರ್ತವೆ. ಪಕ್ಕದೋರು ಬೆಳೀತಿದ್ರೆ ತಾನೂ ಬೆಳೆಯತ್ತೆ, ಪಕ್ಕದೋರು ಸಾಕು ಅಂದ್ರೆ ನಿಲ್ಸತ್ತೆ. ಗುಂಪು ಬಿಟ್ಟು ಒಂದೇ ಹೋಯ್ತು ಅಂದ್ರೆ ಸತ್ತೇ ಹೋಗತ್ತೆ."

"ಅಂದ್ರೆ ಯೂನಿಯನ್ನೇ," ಎಂದರು ಡುಯಿಲಿಯೊ. "ನಮ್ಮವರಿಗಿಂತ ಮೇಲು." ಲಾರ್ನ್ ಅದಕ್ಕೆ ಎದುರಾಡಲಿಲ್ಲ. ಮೊದಲ ಸಲ ಒಂದು ಡೋನಟ್ ಎತ್ತಿಕೊಂಡರು.

ಡುಯಿಲಿಯೊ ಹಸಿರು ಚೀಟಿ ಕೈಗೆ ತೆಗೆದುಕೊಂಡು, ನೋಡಿ, ಜೇಬಿಗೆ ಹಾಕಿದರು. ಹಳದಿಯ ಮೇಲೆ ನಾಲಿಗೆ ಕಚ್ಚಿಕೊಂಡು ಬರೆದು ಕಾವುಪೆಟ್ಟಿಗೆಯ ಹಿಡಿಗೆ ಕಟ್ಟಿದರು. "ಎಚ್ಚರಿಕೆ: ತಾನಾಗಿ ಕರಗುತ್ತದೆ. ಹತ್ತಿದವರು ಕೈ ಕೈ ಹಿಡಿದಿರತಕ್ಕದ್ದು."

ಮರುದಿನ ಸಂಜೆ ಟ್ರಸ್ಟಿಗಳ ಸಭೆ ನಡೆಯಿತು. ಶುಕ್ರವಾರ ಬೆಳಿಗ್ಗೆ ಟಿಯೊ ಬೆಕ್ಕಿನ ಕಂಪನಿಗೆ ಉತ್ತರ ಬರೆದು, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಫೋನನ್ನೇ ನೋಡುತ್ತ ಕೂತಿದ್ದಳು. ಉತ್ತರದಲ್ಲಿ ಒಪ್ಪಿಗೆ ಇತ್ತು. ಐಸೊಬೆಲ್ ತಮ್ಮ ಕೋಣೆಯ ಕಿಟಕಿಯ ಬಳಿ ನಿಂತು, ಇಡೀ ವರ್ಷ ನೋಡದೆ ಉಳಿದ ಆ ಪೈಪುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಫೋನ್ ಬಂದದ್ದು ನನಗೆ.

"ಅಕ್ಕಾ, ಬರ್ಕೊಳ್ಳಿ," ಎಂದರು ಲಾರ್ನ್. "ಸಾರುವೆ ಅಂತ ನೋಡಿದ್ರೆ ಅರ್ಜಿ ತಿರಸ್ಕಾರ. ಸರ್ವಾನುಮತ. ನಮ್ಮ ಸಂಘ ಹುಟ್ಟಿದಾಗಿಂದ ಇಷ್ಟು ಅಪಾಯದ ಸಾರುವೆ ಇನ್ನೊಂದು ಬಂದಿಲ್ಲ ಅಂತ ಟಿಪ್ಪಣೀಲಿ ಸೇರ್ಸಿದೀವಿ."

ನಾನು ಟಿಯೊ ಮುಖ ನೋಡದೆ, "ಸರಿ," ಎಂದೆ.

"ಮೂತ್ರಕೋಶ ಅಂತ ನೋಡಿದ್ರೆ, ಮಂಜೂರು. ಒಂದು ವರ್ಷಕ್ಕೆ. ಮುಂದಿನ ವರ್ಷದ್ದು ಮುಂದಿನ ವರ್ಷ ನೋಡೋಣ. ಮೂರು ಕೈ ಮೇಲೆ, ಎರಡು ಕೆಳಗೆ."

"ನಿಮ್ಮ ಕೈ?"

"ಹಲ್ಲಿನ ಸೆಟ್ಟಿನ ವಿಷಯ ಸಭೇಲಿ ಎತ್ತಬೇಡ ಅಂತ ಡುಯಿಲಿಯೊ ಹತ್ರ ಮಾತು ತಗೊಂಡೆ. ಆಮೇಲೆ ಕೈ ಎತ್ತಿದೆ."

ನಾನು ಡೋನಟ್ ಅಂಗಡಿಗೆ ಹೋದೆ. ಹಿಂದಿರುಗಿ ಬಂದಾಗ ಟಿಯೊ ಬೆಕ್ಕಿನ ಕಂಪನಿಗೆ ಬೇರೆ ಉತ್ತರ ಬರೆದಿದ್ದಳು. ನಿಮ್ಮ ಯೋಜನೆ ಮಹತ್ವಾಕಾಂಕ್ಷೆಯದು, ಎಂದಿತ್ತು. ಎರಡನೇ ಸಾಲು ಇರಲಿಲ್ಲ.

ಚೀಟಿ ಕಟ್ಟಿದ ಸಾರುವೆಯನ್ನು ವಾರಕ್ಕೊಮ್ಮೆ ಬಂದು ನೋಡಿ ಸಹಿ ಹಾಕದಿದ್ದರೆ ಚೀಟಿ ರದ್ದಾಗುತ್ತದಂತೆ. ಹಾಗಾಗಿ ಡುಯಿಲಿಯೊ ಈಗ ಪ್ರತಿ ಗುರುವಾರ ಬರುತ್ತಾರೆ. ಬೂಟು ಬಾಗಿಲಲ್ಲಿ ಬಿಡುತ್ತಾರೆ. ನಗದಿರುವ ಹೆಂಡತಿ ಮಾಡಿಕೊಟ್ಟ ಸೋಂಪಿನ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಮೇಜಿನ ಮೇಲಿಡುತ್ತಾರೆ. ಹೊರಗಿನ ಪೈಪುಗಳನ್ನು ಬಿಚ್ಚಿ ಕೊಂಡೊಯ್ದು ಆಯಿತು; ಐಸೊಬೆಲ್ ಕೋಣೆಗೆ ಬೆಳಕು ಬಂದಿದೆ, ಕಣ್ಣು ಕುಕ್ಕುತ್ತದೆ ಎಂದು ಪರದೆ ಎಳೆದುಕೊಂಡಿದ್ದಾರೆ. ಡುಯಿಲಿಯೊ ಚೀಟಿಗೆ ಸಹಿ ಹಾಕಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ಒಳಗೆ ಉಬ್ಬಿ ಇಳಿಯುವುದನ್ನು ನೋಡುತ್ತ ನಿಲ್ಲುತ್ತಾರೆ. ತನಗಲ್ಲ ಎಂದು ಗೊತ್ತಿದ್ದೂ, ಹೊರಡುವ ಮುಂಚೆ ಒಮ್ಮೆ ಬಲಪಕ್ಕ ತಟ್ಟುತ್ತಾರೆ.

"ನೋಡ್ಕೊ, ಕ್ಲಿಫರ್ಡ್," ಎನ್ನುತ್ತಾರೆ. "ನಿನ್ನ ಕೆಲಸ ಕಿತ್ಕೊಳ್ಳೋಕೆ ಬರೋನು ಇವನೇ."